ಬೆಂಗಳೂರಿನ ವಿಜ್ಞಾನ, ಚಳ್ಳಕೆರೆಯ ಕಾವಲು

2023ರ ಏಪ್ರಿಲ್ 2ರಂದು ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಭಾರತೀಯ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ರೆಕ್ಕೆಗಳುಳ್ಳ ನೌಕೆಯೊಂದನ್ನು ತನ್ನ ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ಮೇಲೇರಿತು. ಸಮುದ್ರಮಟ್ಟದಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಕಳಚಿ ಬಿಟ್ಟಿತು. ಎಂಜಿನ್ ಇಲ್ಲದ, ಚಾಲಕನೂ ಇಲ್ಲದ ಆ ನೌಕೆ ತಾನೇ ದಾರಿ ಲೆಕ್ಕಹಾಕಿಕೊಂಡು 7 ಗಂಟೆ 40 ನಿಮಿಷಕ್ಕೆ ಓಡುಪಥದ ಮೇಲೆ ಇಳಿಯಿತು. ಇಸ್ರೋ ಸಂಸ್ಥೆಯ ಮರುಬಳಕೆಯ ಉಡಾವಣಾ ವಾಹನದ ಮೊದಲ ಇಳಿದಾಣ ಪರೀಕ್ಷೆ ಇದು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಇನ್ನೆರಡು ಪರೀಕ್ಷೆಗಳು ಇದೇ ಸ್ಥಳದಲ್ಲಿ ನಡೆದವು. ಅಷ್ಟರಲ್ಲಿ ನೌಕೆಗೆ 'ಪುಷ್ಪಕ' ಎಂಬ ಹೆಸರೂ ಬಂದಿತ್ತು.

ಇಂತಹ ನೌಕೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 350 ಕಿಲೋಮೀಟರ್. ನಾವು ನೀವು ಪ್ರಯಾಣಿಸುವ ವಿಮಾನ ಸುಮಾರು 260 ಕಿಲೋಮೀಟರ್ ವೇಗದಲ್ಲಿ ಇಳಿಯುತ್ತದೆ. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ ಎನಿಸಬಹುದು. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಒಂದೊಂದು ಕಿಲೋಗ್ರಾಂ ದ್ರವ್ಯರಾಶಿಗೂ ಇಲ್ಲಿ ಕಳೆಯಬೇಕಾದ ಶಕ್ತಿ ಸುಮಾರು 1.8 ಪಟ್ಟು ಹೆಚ್ಚು. ಹಿಂದಿನಿಂದ ಬಿಚ್ಚಿಕೊಳ್ಳುವ ಪ್ಯಾರಾಚೂಟು ವೇಗವನ್ನು 320ರಿಂದ 100ಕ್ಕೆ ತಗ್ಗಿಸಿದಾಗ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಗಾಳಿಗೆ ಹೋಗಿರುತ್ತದೆ. ಉಳಿದುದನ್ನು ಚಕ್ರದ ಬ್ರೇಕುಗಳು ನೋಡಿಕೊಳ್ಳುತ್ತವೆ. ಎಲ್ಲವೂ ಸರಿಹೋದರೆ ಹೀಗೆ. ಸರಿಹೋಗದಿದ್ದರೆ? ಆಗ ನೌಕೆ ಬೀಳುವ ಜಾಗದಲ್ಲಿ ಮನೆ ಇರಬಾರದು, ಮೇಲಿನ ಆಕಾಶದಲ್ಲಿ ಬೇರೆ ವಿಮಾನ ಇರಬಾರದು. ಉದ್ದನೆಯ ಸಮತಟ್ಟು ನೆಲ, ಮೋಡ ಕಡಿಮೆಯಿರುವ ಆಕಾಶ, ವಿರಳ ಜನವಸತಿ ಈ ಮೂರೂ ಒಟ್ಟಿಗೆ ಸಿಗುವ ಸ್ಥಳಗಳು ದಕ್ಷಿಣ ಭಾರತದಲ್ಲಿ ಹೆಚ್ಚಿಲ್ಲ.

ಅಂಥದೊಂದು ಸ್ಥಳ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಿಕ್ಕಿತು. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್ ದೂರ. ಈ ಓಡುಪಥ ಅಲ್ಲಿಗೆ ಏಕೆ ಬಂತು, ಅದು ಬರುವ ಮೊದಲು ಆ ನೆಲ ಏನಾಗಿತ್ತು ಎಂಬುದು ಈ ಲೇಖನದ ವಿಷಯ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ, ಅಶೋಕನ ಕಾಲಕ್ಕೂ ಹಿಂದಕ್ಕೆ, ಹೋಗಬೇಕಾಗುತ್ತದೆ. ಮೊದಲನೆಯದಕ್ಕೆ ಬೆಂಗಳೂರಿನಿಂದಲೇ ಹೊರಡೋಣ.

ನಗರಕ್ಕೆ ಹೆಸರು ಬಂದ ಬಗೆ

ಬೆಂಗಳೂರು ವಿಜ್ಞಾನದ ನಗರವಾದದ್ದು ತನ್ನಷ್ಟಕ್ಕೆ ತಾನೇ ಅಲ್ಲ. ಜೆಮ್‌ಷೆಡ್‌ಜಿ ಟಾಟಾ ಅವರು ಉನ್ನತ ಸಂಶೋಧನೆಗೆಂದು ಸಂಸ್ಥೆಯೊಂದನ್ನು ಕಟ್ಟಲು ಹೊರಟಾಗ ಅದು ಎಲ್ಲಿರಬೇಕು ಎಂಬ ಪ್ರಶ್ನೆ ಎದ್ದಿತು. ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಅವರನ್ನು ಭಾರತಕ್ಕೆ ಕರೆಸಿ ಸ್ಥಳಗಳನ್ನು ಪರಿಶೀಲಿಸಲಾಯಿತು. ಆರ್ಗಾನ್, ನಿಯಾನ್ ಮುಂತಾದ ಜಡಾನಿಲಗಳನ್ನು ಕಂಡುಹಿಡಿದ ರ‍್ಯಾಮ್ಸೆ ಇವರೇ. ಅವರ ಒಲವು ಬೆಂಗಳೂರಿನ ಕಡೆಗಿತ್ತು. ಮೈಸೂರು ಸಂಸ್ಥಾನ ಮುಂದೆ ಬಂದು 371 ಎಕರೆ ಭೂಮಿಯನ್ನೂ ಕಟ್ಟಡಕ್ಕೆ ಹಣವನ್ನೂ ವಾರ್ಷಿಕ ಅನುದಾನವನ್ನೂ ಕೊಟ್ಟಿತು. 1909ರ ಮೇ 27ರಂದು ಸಂಸ್ಥೆ ಕಾನೂನುಬದ್ಧವಾಗಿ ಅಸ್ತಿತ್ವಕ್ಕೆ ಬಂತು. 1911ರಲ್ಲಿ ವಿದ್ಯಾರ್ಥಿಗಳು ಬಂದರು. ಇದರ ನಡುವೆ, 1905ರ ಆಗಸ್ಟಿನಲ್ಲಿ, ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳೂ ಹೊತ್ತಿದ್ದವು.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ವಿಮಾನ ಕಾರ್ಖಾನೆ ಕಟ್ಟಲು ಜಾಗ ಹುಡುಕುತ್ತಿದ್ದಾಗಲೂ ಇದೇ ನಡೆಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರಕಾರ 700 ಎಕರೆ ಕೊಟ್ಟಿತು. ವಿಮಾನ ಕಾರ್ಖಾನೆ ಬಂದಲ್ಲಿಗೆ ಅದರ ಹಿಂದೆ ವಿಮಾನ ವಿಜ್ಞಾನ ಬಂತು, ವಿಮಾನ ವಿಜ್ಞಾನದ ಹಿಂದೆ ರಕ್ಷಣಾ ಪ್ರಯೋಗಾಲಯಗಳು ಬಂದವು, ಆಮೇಲೆ ಬಾಹ್ಯಾಕಾಶ ವಿಭಾಗ. ಮಾಹಿತಿ ತಂತ್ರಜ್ಞಾನದ ಕಂಪನಿಗಳು 1980ರ ದಶಕದಲ್ಲಿ ಬಂದಾಗ ನಗರದಲ್ಲಿ ಎಂಜಿನಿಯರುಗಳ ದೊಡ್ಡ ಸಮುದಾಯವೇ ಸಿದ್ಧವಿತ್ತು. ಬೆಂಗಳೂರಿನ ಹೆಸರು ಜಗತ್ತಿಗೆ ತಿಳಿದದ್ದು ಇವರಿಂದ ಎಂದು ನಮ್ಮ ವಿದ್ಯಾರ್ಥಿಗಳು ಭಾವಿಸಿದ್ದಾರೆ. ಅದರ ಹಿಂದೆ ಸಂಸ್ಥಾನವೊಂದು ಎಕರೆಗಳ ಲೆಕ್ಕದಲ್ಲಿ ಬಂಡವಾಳ ಹೂಡಿದ ಕಥೆ ಇದೆ ಎಂದರೆ ಆಶ್ಚರ್ಯಪಡುತ್ತಾರೆ.

1901ರಲ್ಲಿ ಪೇಟೆ ಮತ್ತು ದಂಡು ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ ಸುಮಾರು 1.6 ಲಕ್ಷ. 2011ರ ಜನಗಣತಿಯಲ್ಲಿ ಅದು 85 ಲಕ್ಷ ಮುಟ್ಟಿತ್ತು. ಒಂದು ಕಾಲಕ್ಕೆ ಊರಾಚೆ ಇದ್ದ ಟಾಟಾ ಇನ್ಸ್‌ಟಿಟ್ಯೂಟು ಊರ ನಡುವೆ ಬಂತು. ವಿಮಾನ ಕಾರ್ಖಾನೆಯ ಓಡುಪಥದ ಸುತ್ತ ಬಡಾವಣೆಗಳು ಎದ್ದವು. ಚಾಲಕರಹಿತ ವಿಮಾನವನ್ನು ಮೊದಲ ಬಾರಿಗೆ ಹಾರಿಸಿ ನೋಡಬೇಕಾದ ಎಂಜಿನಿಯರು ಹೊಸೂರಿಗೋ ಕೋಲಾರಕ್ಕೋ ಹೋಗಬೇಕಾಯಿತು. ವಿಜ್ಞಾನದಿಂದ ಬೆಳೆದ ನಗರದಲ್ಲಿ ವಿಜ್ಞಾನಕ್ಕೇ ಜಾಗವಿಲ್ಲದಂತಾಯಿತು.

ಆದುದರಿಂದ 2008ರ ಸುಮಾರಿಗೆ ಬೆಂಗಳೂರು ಉತ್ತರಕ್ಕೆ ಕೈ ಚಾಚಿತು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳಲ್ಲಿ ಕೆಲವೇ ವರ್ಷಗಳ ಅವಧಿಯಲ್ಲಿ ಭೂಮಿ ಮಂಜೂರಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣುಶಕ್ತಿ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ, ಖಾಸಗಿ ಸೌರವಿದ್ಯುತ್ ಕಂಪನಿಯೊಂದಕ್ಕೆ 1,250 ಎಕರೆ. ಕೂಡಿದರೆ ಒಂಬತ್ತು ಸಾವಿರದ ನಾನೂರು ಎಕರೆ ದಾಟುತ್ತದೆ, ಅಂದರೆ ಸುಮಾರು 38 ಚದರ ಕಿಲೋಮೀಟರ್. ಬೆಂಗಳೂರಿನ ಲಾಲ್‌ಬಾಗನ್ನು (240 ಎಕರೆ) ಬಲ್ಲವರು ಅಂತಹ ಮೂವತ್ತೊಂಬತ್ತು ಲಾಲ್‌ಬಾಗುಗಳನ್ನು ಅಕ್ಕಪಕ್ಕ ಊಹಿಸಿಕೊಳ್ಳಬಹುದು. ಪತ್ರಿಕೆಗಳು ಇದನ್ನು 'ವಿಜ್ಞಾನ ನಗರಿ' ಎಂದು ಕರೆದವು. ಬೆಂಗಳೂರಿನಲ್ಲಿ ಕುಳಿತು ನಕ್ಷೆ ನೋಡಿದವರಿಗೆ ಇಷ್ಟು ದೊಡ್ಡ ಹರಹು ಖಾಲಿಯಾಗಿ ಕಂಡದ್ದು ಸಹಜ.

ಮಳೆಯ ನೆರಳಿನಲ್ಲಿ

ಅಲ್ಲಿ ಮರಗಳು ಏಕೆ ಕಡಿಮೆ, ಊರುಗಳು ಏಕೆ ವಿರಳ ಎಂಬುದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮಘಟ್ಟಕ್ಕೆ ಎದುರಾದಾಗ ಮೇಲೇರುತ್ತದೆ, ಹಿಗ್ಗುತ್ತದೆ, ತಣಿಯುತ್ತದೆ. ಆವಿ ಹನಿಯಾಗಿ ಬೀಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನೀರು ಕಳೆದುಕೊಂಡ ಅದೇ ಗಾಳಿ ಘಟ್ಟದಿಂದ ಪೂರ್ವಕ್ಕೆ ಇಳಿಯುವಾಗ ಕುಗ್ಗಿ ಬಿಸಿಯಾಗುತ್ತದೆ. ಆಗುಂಬೆಯಿಂದ ಇನ್ನೂರು ಕಿಲೋಮೀಟರಿನ ಒಳಗೇ ಇರುವ ಚಳ್ಳಕೆರೆಗೆ ಸಿಗುವುದು ಅದರ ಹದಿನಾಲ್ಕರಲ್ಲಿ ಒಂದು ಪಾಲು, ಸುಮಾರು 500 ಮಿಲಿಮೀಟರ್. ಅದೂ ಬಹುಪಾಲು ಸೆಪ್ಟೆಂಬರ್ ಅಕ್ಟೋಬರಿನಲ್ಲಿ. ಪರೀಕ್ಷಾ ವಿಮಾನಕ್ಕೆ ಬೇಕಾದ ನಿರ್ಮಲ ಆಕಾಶ ಈ ಮಳೆನೆರಳಿನ ಕೊಡುಗೆ. ವಿಜ್ಞಾನ ಸಂಸ್ಥೆಯವರು ಇಲ್ಲಿ ಹವಾಗುಣ ವೀಕ್ಷಣಾಲಯ ಸ್ಥಾಪಿಸಿರುವುದರ ಔಚಿತ್ಯವೂ ಇದರಿಂದ ತಿಳಿಯುತ್ತದೆ. ನಗರದ ಹೊಗೆಯಿಂದ ದೂರದಲ್ಲಿ ಗಾಳಿಯ ತೇಲುಕಣಗಳನ್ನೂ ಸೂರ್ಯನ ವಿಕಿರಣವನ್ನೂ ಅಳೆಯಬಹುದು.

ಸರಾಸರಿ 500 ಮಿ.ಮೀ. ಎಂಬುದು ಪೂರ್ತಿ ಸತ್ಯ ಹೇಳುವುದಿಲ್ಲ. ಮಳೆ ಕಡಿಮೆಯಾದಷ್ಟೂ ಅದರ ಏರಿಳಿತ ಹೆಚ್ಚು. ಒಂದು ವರ್ಷ ಈ ಹಳ್ಳಿಗೆ ಬಂದ ಮಳೆ ಪಕ್ಕದ ಹಳ್ಳಿಗೆ ಬರುವುದಿಲ್ಲ. ಮುಂದಿನ ವರ್ಷ ಎರಡಕ್ಕೂ ಇಲ್ಲ. ಇಂತಹ ಕಡೆ ಒಂದೇ ಹೊಲವನ್ನು ನಂಬಿ ಕುಳಿತವನು ಸೋಲುತ್ತಾನೆ. ಹಸಿರಿದ್ದ ಕಡೆಗೆ ನಡೆಯುವ ಕುರಿ ಮತ್ತು ದನ ಗೆಲ್ಲುತ್ತವೆ. ಸಂಖ್ಯಾಶಾಸ್ತ್ರದಲ್ಲಿ ಅಪಾಯವನ್ನು ಹಂಚುವುದು ಎನ್ನುವುದನ್ನು ಇಲ್ಲಿನ ಗೊಲ್ಲರು, ಕುರುಬರು, ಮ್ಯಾಸಬೇಡರು ಕಾಲ್ನಡಿಗೆಯಲ್ಲಿ ಮಾಡುತ್ತಿದ್ದರು. ಮ್ಯಾಸಬೇಡರಲ್ಲಿ 'ದೇವರ ಎತ್ತು'ಗಳ ಹಿಂಡುಗಳು ಇಂದಿಗೂ ಇವೆ. ಅವನ್ನು ಉಳುವುದಕ್ಕೆ ಕಟ್ಟುವುದಿಲ್ಲ, ಮಾರುವುದಿಲ್ಲ. ಕಾಯುವ ಕಿಲಾರಿಗಳು ಮೇವು ಇದ್ದಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ. ಕುರುಬರ ದಕ್ಖನಿ ಕುರಿಯ ಒರಟು ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ ಹುಟ್ಟುತ್ತದೆ. ಹುಣಸೆಬೀಜದ ಸರಿ ಹಾಕಿ ಗಟ್ಟಿಮಾಡಿದ ಈ ಕಂಬಳಿ ಮಳೆ, ಚಳಿ ಎರಡಕ್ಕೂ ಆದೀತು. ಉಣ್ಣೆಗೆ ಕುರಿ ಬೇಕು, ಕುರಿಗೆ ಹುಲ್ಲು ಬೇಕು. ನಕ್ಷೆಯಲ್ಲಿ ಖಾಲಿ ಕಂಡದ್ದು ಈ ಸರಣಿಯ ಮೊದಲ ಕೊಂಡಿ.

ಹುಲ್ಲು ಕೇವಲ ಮೇವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೃಷ್ಣಮೃಗ, ತೋಳ, ನಮ್ಮ ಕಡೆ ಎರೆಭೂತ ಎಂದು ಕರೆಯುವ ಬಸ್ಟರ್ಡ್ ಹಕ್ಕಿ ಇವೆಲ್ಲ ಬಯಲಿನ ಜೀವಿಗಳು. ಮರ ನೆಟ್ಟು ಇವನ್ನು ಉಳಿಸಲಾಗದು. ಬಹುವಾರ್ಷಿಕ ಹುಲ್ಲು ತಾನು ಹಿಡಿದಿಟ್ಟ ಇಂಗಾಲದ ಹೆಚ್ಚಿನ ಪಾಲನ್ನು ಬೇರಿನ ಮೂಲಕ ಮಣ್ಣಿನಲ್ಲೇ ಇಡುತ್ತದೆ. ಮರವಿಲ್ಲದ ನೆಲವೆಲ್ಲ ಬಂಜರು ಎಂದು ಬರೆದುಕೊಳ್ಳುವ ಅಭ್ಯಾಸ ಕಂದಾಯ ಇಲಾಖೆಗೆ ಬ್ರಿಟಿಷರ ಕಾಲದಿಂದ ಬಂದದ್ದು.

ಇಸಿಲ ಎಂಬ ಪಟ್ಟಣ

ಹಾಗೆಂದು ಈ ಸೀಮೆಗೆ ಪಟ್ಟಣವೆಂಬುದೇ ಹೊಸದು ಎಂದು ತಿಳಿಯಬೇಡಿ. ಚಳ್ಳಕೆರೆಯ ಉತ್ತರಕ್ಕಿರುವ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಹತ್ತಿರದ ಸ್ಥಳಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿ ಎಂಬ ಪ್ರಾಂತೀಯ ಕೇಂದ್ರದಿಂದ ರಾಜಕುಮಾರನೂ ಮಹಾಮಾತ್ರರೂ 'ಇಸಿಲ'ದ ಮಹಾಮಾತ್ರರ ಯೋಗಕ್ಷೇಮ ವಿಚಾರಿಸಿ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುವ ಬರಹ ಅದು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಧಿಕಾರಿಗಳಿದ್ದ, ದೂರದ ರಾಜಧಾನಿಯಿಂದ ಪತ್ರ ಬರುತ್ತಿದ್ದ ಊರು ಇಲ್ಲಿತ್ತು. ಕೆತ್ತಿದ ಲಿಪಿಕಾರ ಚಪಡ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತನ್ನ ವೃತ್ತಿಯನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಪರಸ್ಥಳದಿಂದ ಬಂದ ನೌಕರ ತನಗೆ ಎರಡು ಲಿಪಿ ಬರುತ್ತದೆ ಎಂದು ತೋರಿಸಿಕೊಂಡನೇನೋ!

1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಆಗ ಇಂಗಾಲ-14 ವಿಧಾನ ಇನ್ನೂ ಬಂದಿರಲಿಲ್ಲ. ಪುದುಚೇರಿಯ ಬಳಿಯ ಅರಿಕಮೇಡುವಿನಲ್ಲಿ ರೋಮಿನ ಮಡಕೆಗಳೊಂದಿಗೆ ಸಿಕ್ಕಿದ್ದ ಒಂದು ವಿಶಿಷ್ಟ ಗೆರೆಯ ಮಡಕೆ ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಸಿಕ್ಕಿತು. ರೋಮಿನ ಮಡಕೆಯ ಕಾಲ ಗೊತ್ತು. ಆದುದರಿಂದ ಈ ಪದರ ಕ್ರಿ.ಶ. 1ನೆಯ ಶತಮಾನದ್ದು. ಅದರ ಕೆಳಗೆ ಕಬ್ಬಿಣ ಬಳಸುತ್ತಿದ್ದ ಬೃಹತ್ ಶಿಲಾಸಮಾಧಿಗಳ ಜನ, ಅದಕ್ಕೂ ಕೆಳಗೆ ಕಲ್ಲಿನ ಕೊಡಲಿಯ ಜನ. ಪದರಗಳ ದಪ್ಪ ನೋಡಿ ವೀಲರ್ ಕೆಳಗಿನವರನ್ನು ಕ್ರಿ.ಪೂ. ಮೊದಲ ಸಹಸ್ರಮಾನದ ಆರಂಭಕ್ಕೆ ಇಟ್ಟರು.

ಎರಡೇ ವರ್ಷದಲ್ಲಿ ವಿಲ್ಲರ್ಡ್ ಲಿಬ್ಬಿ ವಿಕಿರಣಶೀಲ ಇಂಗಾಲದಿಂದ ಕಾಲ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಸತ್ತ ಮರದಲ್ಲಿ, ಸುಟ್ಟ ಇದ್ದಿಲಿನಲ್ಲಿ ಇಂಗಾಲ-14 ಪ್ರತಿ 5,730 ವರ್ಷಕ್ಕೆ ಅರ್ಧವಾಗುತ್ತ ಹೋಗುತ್ತದೆ. ಉಳಿದುದನ್ನು ಅಳೆದರೆ ವಯಸ್ಸು ತಿಳಿಯುತ್ತದೆ. ದಕ್ಷಿಣದ ನವಶಿಲಾಯುಗದ ಸ್ಥಳಗಳಿಗೆ ಇದನ್ನು ಅನ್ವಯಿಸಿದಾಗ ಆ ಸಂಸ್ಕೃತಿಯ ಆರಂಭ ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ, ಕ್ರಿ.ಪೂ. 3ನೆಯ ಸಹಸ್ರಮಾನಕ್ಕೆ, ಹೋಯಿತು. ಆ ಜನರ ಕಸುಬು ಏನಾಗಿತ್ತು ಎಂಬುದಕ್ಕೆ ಬೂದಿದಿಬ್ಬಗಳು ಸಾಕ್ಷಿ. ಬಳ್ಳಾರಿಯ ಬಳಿಯ ಕುಡತಿನಿಯಲ್ಲಿ ಅಂಥದೊಂದು ದೊಡ್ಡ ದಿಬ್ಬವಿದೆ. ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ರೇಮಂಡ್ ಆಲ್ಚಿನ್ ಅಗೆದು ನೋಡಿದಾಗ ದಿಬ್ಬದೊಳಗೆ ದನದ ದೊಡ್ಡಿಯ ಗೂಟದ ಕುಳಿಗಳೂ ಗೊರಸಿನ ಗುರುತುಗಳೂ ಕಂಡವು. ತಲೆಮಾರುಗಳ ಸೆಗಣಿ ಮತ್ತೆ ಮತ್ತೆ ಸುಟ್ಟು ಆದ ಬೂದಿಯ ಗುಡ್ಡ ಅದು. ಇಸಿಲ ಬಂತು, ಹೋಯಿತು. ದನಕರು ಅದಕ್ಕಿಂತ ಎರಡು ಸಾವಿರ ವರ್ಷ ಮೊದಲೇ ಈ ಸೀಮೆಯಲ್ಲಿದ್ದವು, ಅದು ಮರೆತುಹೋದ ಮೇಲೂ ಇದ್ದವು.

ಬೆಣ್ಣೆ ಚಾವಡಿಯಿಂದ ಅಮೃತಮಹಲಿಗೆ

'ಕಾವಲು' ಎಂಬ ಪದವನ್ನೇ ಗಮನಿಸಿ. ಕಾಯ್ದಿಟ್ಟ ನೆಲ ಎಂದು ಅದರ ಅರ್ಥ. ಹುಲ್ಲುಗಾವಲು ಎನ್ನುವಾಗಲೂ ನಾವು ಅದನ್ನೇ ಹೇಳುತ್ತೇವೆ. ಯಾರಿಗೂ ಬೇಡವಾದ ನೆಲವನ್ನು ಯಾರೂ ಕಾಯುವುದಿಲ್ಲ.

ಮೈಸೂರಿನ ಚಿಕ್ಕದೇವರಾಜ ಒಡೆಯರ (1672-1704) ಕಾಲದಲ್ಲಿ ಅರಮನೆಯ ಹಸುಗಳ ನಿರ್ವಹಣೆಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆಯಾಯಿತು. ಹೆಸರು ಬೆಣ್ಣೆಯದಾದರೂ ಕಾಲಕ್ರಮದಲ್ಲಿ ಅದರ ಮುಖ್ಯ ಉತ್ಪನ್ನ ಎತ್ತು. ಹೈದರ್ ಅಲಿ ಇದನ್ನು ಸೈನ್ಯದ ಅಂಗವನ್ನಾಗಿ ಮಾಡಿಕೊಂಡನು. ಚಿದಂಬರದ ನೆರವಿಗೆ ಅವನ ಪಡೆ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳಿಂದ ಎಂದು ಗೆಜೆಟಿಯರ್ ಹೇಳುತ್ತದೆ. 1779ರಲ್ಲಿ ಚಿತ್ರದುರ್ಗದ ಪಾಳೆಯಪಟ್ಟು ಅವನ ವಶವಾಯಿತು. ಟಿಪ್ಪು ಸುಲ್ತಾನ್ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟು ಅದರ ನಿಯಮಗಳನ್ನು ವಿವರವಾಗಿ ಬರೆಸಿದನು. ಕಾವಲುಗಳನ್ನು ಬೇಸಿಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಎಂದು ವಿಂಗಡಿಸಿ ಹಿಂಡುಗಳನ್ನು ಋತುವಿಗೆ ತಕ್ಕಂತೆ ತಿರುಗಿಸುವ ಪದ್ಧತಿ ಇತ್ತು. ಮೇಲೆ ಹೇಳಿದ ಮಳೆಯ ಏರಿಳಿತಕ್ಕೆ ಸರಕಾರಿ ಮಟ್ಟದ ಪರಿಹಾರ ಇದು.

ಶ್ರೀರಂಗಪಟ್ಟಣ ಬಿದ್ದ ಮೇಲೆ ಎತ್ತುಗಳು ಬ್ರಿಟಿಷರ ತೋಪಿನ ಗಾಡಿಗಳನ್ನು ಎಳೆದವು. ಮುಂದೆ ವೆಲಿಂಗ್ಟನ್ ಪ್ರಭುವಾದ ಆರ್ಥರ್ ವೆಲ್ಲೆಸ್ಲಿ ಸ್ಪೇನಿನ ಯುದ್ಧದಲ್ಲಿ ಮೈಸೂರು ಎತ್ತುಗಳಿಲ್ಲದ್ದಕ್ಕೆ ಪರಿತಪಿಸಿದನಂತೆ. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಇಡೀ ಹಿಂಡನ್ನು ಮಾರಿಬಿಟ್ಟರು. ಆರು ವರ್ಷದಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ಸ್ಥಾಪಿಸಬೇಕಾಯಿತು. ಹಿಂಡನ್ನು ಮಾರುವುದು ಒಂದು ದಿನದ ಕೆಲಸ, ತಳಿಯನ್ನು ಮರಳಿ ಕಟ್ಟುವುದು ಹಾಗಲ್ಲ.

ಅಮೃತಮಹಲನ್ನು ಗ್ರಾಮಸ್ವರಾಜ್ಯದ ಕಥೆಯಂತೆ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ದೊರೆಯ ಸೈನ್ಯಕ್ಕೆಂದು ಕಾದಿಟ್ಟ ನೆಲ, ಅಂದಿನ ರಕ್ಷಣಾ ಇಲಾಖೆಯ ಆಸ್ತಿ ಎನ್ನಿ. ಆದರೂ ಒಂದು ವ್ಯತ್ಯಾಸವಿದೆ. ದೊರೆಯ ಕಾವಲಿಗೆ ಗೋಡೆ ಇರಲಿಲ್ಲ. ಹಿಂಡು ಬೇರೆಡೆಗೆ ಹೋದಾಗ ಊರಿನ ದನಕುರಿ ಅಲ್ಲಿ ಮೇಯುತ್ತಿದ್ದವು. ಲಾರಿ, ಟ್ರ್ಯಾಕ್ಟರು ಬಂದು ತೋಪೆಳೆಯುವ ಎತ್ತಿನ ಅಗತ್ಯ ಮುಗಿದ ಮೇಲೆ ಆ ಬಳಕೆಯೇ ಮುಖ್ಯವಾಯಿತು. ಸ್ವಾತಂತ್ರ್ಯಕ್ಕೆ ಮೊದಲು ರಾಜ್ಯದಲ್ಲಿ ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದ ಅಮೃತಮಹಲ್ ಕಾವಲುಗಳು ಸಾಗುವಳಿಗೆ, ಕಾಲೋನಿಗೆ, ಕಾರ್ಖಾನೆಗೆ ಎಂದು ಹಂಚಿಹೋಗಿ ಲಕ್ಷ ಎಕರೆಗಿಂತ ಕೆಳಗಿಳಿದವು. ಉಳಿದ ದೊಡ್ಡ ತುಂಡುಗಳಲ್ಲಿ ಚಳ್ಳಕೆರೆಯವೂ ಸೇರಿದ್ದವು.

ಈ ನಡುವೆ ಚಳ್ಳಕೆರೆ ತಾನೇ ಒಂದು ಉದ್ಯಮನಗರವಾಗಿ ಬೆಳೆದು ಇಳಿದದ್ದನ್ನು ಮರೆಯಬಾರದು. ಮಳೆಯಾಶ್ರಿತ ಶೇಂಗಾ ಬೆಳೆ, ಅದನ್ನು ಹಿಂಡುವ ಎಣ್ಣೆ ಮಿಲ್ಲುಗಳು, ವಹಿವಾಟಿನ ಭರಾಟೆ ಇವುಗಳಿಂದ ಊರಿಗೆ 'ಎರಡನೇ ಮುಂಬಯಿ' ಎಂಬ ಹೆಸರಿತ್ತು. 1994ರಲ್ಲಿ ಖಾದ್ಯತೈಲದ ಆಮದನ್ನು ಮುಕ್ತಗೊಳಿಸಿ ಶೇ. 65ರ ಸುಂಕ ವಿಧಿಸಲಾಯಿತು. ನಾಲ್ಕೇ ವರ್ಷದಲ್ಲಿ ಸುಂಕ ಶೇ. 15ಕ್ಕೆ ಇಳಿಯಿತು. ಮಲೇಷ್ಯಾದ ತಾಳೆ ಎಣ್ಣೆಯ ಬೆಲೆಗೆ ಚಳ್ಳಕೆರೆಯ ಶೇಂಗಾ ಎಣ್ಣೆ ನಿಲ್ಲಲಾಗಲಿಲ್ಲ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. 2011ರಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 55 ಸಾವಿರ. 'ವಿಜ್ಞಾನ ನಗರಿ' ಎಂಬ ಮಾತು ಇಲ್ಲಿ ಅಷ್ಟು ಬೇಗ ಹಿಡಿಸಿದ್ದಕ್ಕೆ ಮುಚ್ಚಿದ ಮಿಲ್ಲುಗಳೂ ಒಂದು ಕಾರಣವಿರಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದು ಹೇಗೋ ಉಳಿದುಕೊಂಡಿದೆ. ಅದರ ಕಥೆ ಬೇರೆಯೇ ಲೇಖನಕ್ಕೆ ಯೋಗ್ಯ.

ಗೋಡೆ ಎದ್ದ ಮೇಲೆ

ಕಾವಲಿನ ಸುತ್ತ ಕಿಲೋಮೀಟರುಗಟ್ಟಲೆ ಗೋಡೆ ಏಳತೊಡಗಿದಾಗ ಹಲವು ಹಳ್ಳಿಗಳ ಜನರಿಗೆ ವಿಷಯ ತಿಳಿಯಿತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ ಚೆನ್ನೈನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೊಕ್ಕಿತು. ಪಂಚಾಯಿತಿಗಳನ್ನು ಕೇಳದೆ, ಪರಿಸರದ ಮೇಲಾಗುವ ಪರಿಣಾಮವನ್ನು ಅಂದಾಜಿಸದೆ ಭೂಮಿ ಕೊಟ್ಟದ್ದು ಸರಿಯಲ್ಲ ಎಂಬುದು ದೂರಿನ ಸಾರ. ಮೇವಿನ ನೆಲ ಮುಂತಾದ ಊರೊಟ್ಟಿನ ಭೂಮಿಯನ್ನು ಉಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಹೇಳಿತ್ತು. 2013ರಲ್ಲಿ ನ್ಯಾಯಮಂಡಳಿ ತಜ್ಞರನ್ನು ಸ್ಥಳಕ್ಕೆ ಕಳುಹಿಸಿತು. ಅಗತ್ಯ ಅನುಮತಿಗಳಿಲ್ಲದೆ ಕಾಮಗಾರಿ ಮುಂದುವರಿಸಬಾರದೆಂದಿತು. 2014ರ ಆಗಸ್ಟಿನಲ್ಲಿ ಅಂತಿಮ ಆದೇಶ ಬಂತು. ಯೋಜನೆಗಳು ಉಳಿದವು. 2016ರ ನವೆಂಬರಿನಲ್ಲಿ ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಇಲ್ಲಿಂದ ಮೊದಲ ಬಾರಿಗೆ ಹಾರಿತು. 2017ರ ಮೇ 28ರಂದು ಪರೀಕ್ಷಾ ವಲಯ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು.

ಭೌತಶಾಸ್ತ್ರ ಕಲಿಸುವ ನನಗೆ ಇಲ್ಲಿ ಕಾಡುವುದು ಕ್ರಮದ ಪ್ರಶ್ನೆ. ಮೊದಲ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಗೂ ನಾವು ಹೇಳುವ ಮಾತು, ಉಪಕರಣವನ್ನು ಮುಟ್ಟುವ ಮೊದಲು ಶೂನ್ಯ ಓದನ್ನು ಬರೆದುಕೋ ಎಂದು. ಇಲ್ಲಿ ತಜ್ಞರು ಕಾವಲನ್ನು ನೋಡಲು ಬಂದದ್ದು ಗೋಡೆ ಏಳಲಾರಂಭಿಸಿದ ಮೇಲೆ. ಇದರಿಂದ ಏನು ನಷ್ಟ ಎಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ನೋಡಬಹುದು. ಮೂವತ್ತು ಕಿಲೋ ತೂಕದ ಕುರಿ ದಿನಕ್ಕೆ ತನ್ನ ತೂಕದ ಶೇ. 3ರಷ್ಟು, ಅಂದರೆ ಸುಮಾರು ಒಂದು ಕಿಲೋ ಒಣ ಮೇವು ತಿನ್ನುತ್ತದೆ. ಎಕರೆಗೆ ವರ್ಷಕ್ಕೆ ಅರ್ಧ ಟನ್ ಒಣಹುಲ್ಲು, ಅದರಲ್ಲಿ ಅರ್ಧ ಮೇಯಲು ಸಿಗುತ್ತದೆ ಎಂದು ಇಟ್ಟುಕೊಳ್ಳಿ (ಇದು ಅಳೆದ ಅಂಕಿಯಲ್ಲ, ಲೆಕ್ಕಕ್ಕೆ ಹಿಡಿದದ್ದು). ಆಗ 9,400 ಎಕರೆಯಲ್ಲಿ ವರ್ಷವಿಡೀ ಸುಮಾರು ಆರೂವರೆ ಸಾವಿರ ಕುರಿ ಬದುಕಬಹುದು. ಹುಲ್ಲು ಎಕರೆಗೆ ಒಂದು ಟನ್ ಇದ್ದರೆ ಹದಿಮೂರು ಸಾವಿರ. ಒಂದು ಕುಟುಂಬಕ್ಕೆ ನೂರು ಕುರಿ ಎಂದರೆ ಅರವತ್ತೈದು ಕುಟುಂಬವೋ ನೂರಮೂವತ್ತೋ? ಪರಿಹಾರದ ಮೊತ್ತ, ಬದಲಿ ಗೋಮಾಳದ ವಿಸ್ತೀರ್ಣ, ಎಲ್ಲವೂ ಈ ಒಂದು ಅಂಕಿಯ ಮೇಲೆ ನಿಂತಿವೆ. ಅದನ್ನು ಪಡೆಯಲು ಬೇಕಾದದ್ದು ಕುಡುಗೋಲು ಮತ್ತು ತಕ್ಕಡಿ.

ಪಕ್ಕದ ಪಾವಗಡದ ಉದಾಹರಣೆಯನ್ನೂ ನೋಡಬೇಕು. ಅಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನಕ್ಕೆ ಸುಮಾರು 13,000 ಎಕರೆ ಬೇಕಾಯಿತು. ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಪಹಣಿಯಲ್ಲಿ ಹೆಸರಿದ್ದವರಿಗೆ ಇದು ಒಳ್ಳೆಯ ವ್ಯವಸ್ಥೆ. ಹೆಸರಿಲ್ಲದ ಕುರಿಗಾಹಿಗೆ, ಕೂಲಿಯವನಿಗೆ ಬಾಡಿಗೆ ಬರುವುದಿಲ್ಲ. ಚಳ್ಳಕೆರೆಯ ಕಾವಲಿನಲ್ಲಂತೂ ಮೇಯಿಸುವವರ ಪೈಕಿ ಯಾರ ಹೆಸರೂ ಪಹಣಿಯಲ್ಲಿ ಇರಲಿಲ್ಲ. ಸರಕಾರದ ಆಸ್ತಿ ಸರಕಾರದ ಸಂಸ್ಥೆಗೆ ಹೋಯಿತು. ಕಡತದ ಪ್ರಕಾರ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ.

ಬಂದದ್ದನ್ನೂ ಹೇಳಬೇಕು. ವಿಜ್ಞಾನ ಸಂಸ್ಥೆಯ ಕುದಾಪುರ ಆವರಣದಲ್ಲಿ 2011ರಿಂದ ಪ್ರೌಢಶಾಲೆ ಹಾಗೂ ಕಾಲೇಜು ಅಧ್ಯಾಪಕರಿಗೆ ತರಬೇತಿ ನಡೆದಿದೆ; ಸಾವಿರಾರು ಅಧ್ಯಾಪಕರು ಪ್ರಯೋಗಗಳನ್ನು ಕೈಯಾರೆ ಮಾಡಿ ಹೋಗಿದ್ದಾರೆ. ಇದು ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಾಧ್ಯವಿರಲಿಲ್ಲ. ಪುಷ್ಪಕವೂ ಅಲ್ಲಿ ಇಳಿಯುತ್ತಿರಲಿಲ್ಲ. ವಿಜ್ಞಾನಕ್ಕೆ ಬಯಲು ಬೇಕೆಂಬುದು ಸುಳ್ಳಲ್ಲ. ಆದರೆ 371 ಎಕರೆಯಲ್ಲಿ ನೂರು ವರ್ಷ ನಡೆದ ಸಂಸ್ಥೆಗೆ ಅದರ ನಾಲ್ಕು ಪಟ್ಟು ಒಮ್ಮೆಗೇ ಏಕೆ ಬೇಕು, ಕಟ್ಟಡ ಏಳುವ ತನಕ ಉಳಿದ ಭಾಗದಲ್ಲಿ ಕುರಿ ಮೇಯ್ದರೆ ಏನು ತೊಂದರೆ ಎಂದು ಊರಿನವರು ಕೇಳಿದರೆ ಅದು ವಿಜ್ಞಾನವಿರೋಧಿ ಪ್ರಶ್ನೆಯಲ್ಲ.

ಗೋಡೆಯೊಳಗೆ ವರ್ಷಗಟ್ಟಲೆ ಮೇಯದೆ ಬಿಟ್ಟ ಹುಲ್ಲಿದೆ. ಹೊರಗೆ, ಮೊದಲಿಗಿಂತ ಕಿರಿದಾದ ಜಾಗದಲ್ಲಿ, ಮೊದಲಿಗಿಂತ ಒತ್ತಾಗಿ ಮೇಯ್ದ ಹುಲ್ಲಿದೆ. ಮಣ್ಣು ಒಂದೇ, ಮಳೆ ಒಂದೇ. ಇಂತಹ ಹೋಲಿಕೆಯನ್ನು ಏರ್ಪಡಿಸಲು ಪರಿಸರ ವಿಜ್ಞಾನಿಗಳು ಸಾಮಾನ್ಯವಾಗಿ ಬೇಲಿ ಕಟ್ಟಿಸಿ ಹತ್ತು ವರ್ಷ ಕಾಯಬೇಕಾಗುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ವಿಜ್ಞಾನ ಅಧ್ಯಾಪಕರು ಈ ಲೇಖನ ಓದುತ್ತಿದ್ದರೆ ತಮ್ಮ ವಿದ್ಯಾರ್ಥಿಗಳೊಂದಿಗೆ ಹೊರಗಿನ ಭಾಗವನ್ನು ಈ ವರ್ಷವೇ ಅಳೆಯತೊಡಗಬಹುದು. ಒಳಗಿನದಕ್ಕೆ ಆವರಣದವರ ಅನುಮತಿ ಕೇಳಬೇಕು. ಒಂದು ಮೀಟರ್ ಚೌಕದ ಕಟ್ಟಿಗೆಯ ಚೌಕಟ್ಟು ಮಾಡಿಕೊಳ್ಳಿ. ಕಣ್ಣಿಗೆ ಹಸಿರು ಕಂಡ ಕಡೆ ಇಡದೆ, ನೇರ ಗೆರೆಯಲ್ಲಿ ನಡೆದು ಪ್ರತಿ ಐವತ್ತು ಹೆಜ್ಜೆಗೊಮ್ಮೆ ಇಡಿ. ಒಳಗಿನ ಹುಲ್ಲನ್ನು ನೆಲಮಟ್ಟಕ್ಕೆ ಕೊಯ್ದು, ಜಾತಿವಾರು ಬೇರ್ಪಡಿಸಿ, ಚೀಲಕ್ಕೆ ಸ್ಥಳ ಮತ್ತು ದಿನಾಂಕ ಬರೆಯಿರಿ. ಮೇ ತಿಂಗಳ ಕೊನೆಗೆ ಒಮ್ಮೆ, ನವೆಂಬರಿನಲ್ಲಿ ಒಮ್ಮೆ. ತೂಕ ಮಾಡುವ ಮೊದಲು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಎರಡು ದಿನ ಬಿಟ್ಟು ತೂಗಿದಾಗಲೂ ಅದೇ ತೂಕ ಬಂದರೆ ಒಣಗಿದೆ ಎಂದರ್ಥ.